ಹೊನ್ನವ್ವನ ಮರಳುಪಟ್ಟಿ

ಮಲಪ್ರಭೆಯ ದಂಡೆಯ ಮೇಲೊಂದು ಗರಡಿ. ಅಲ್ಲಿ ಅಡಿವೆಪ್ಪ ಎಂಬ ಮುದುಕ ವಸ್ತಾದ. ಗರಡಿಯ ಗುರುವನ್ನು ಆ ಸೀಮೆಯಲ್ಲಿ ಹಾಗೇ ಕರೆಯುತ್ತಾರೆ.

ದಸರೆ ಮುಗಿದ ಮೇಲೆ ಹೊನ್ನವ್ವ ಎಂಬ ಹುಡುಗಿ ಅಲ್ಲಿಗೆ ಬಂದಳು. ಅವಳಿಗೆ ಕುಸ್ತಿ ಬೇಕಿರಲಿಲ್ಲ. ಎತ್ತರ ಜಿಗಿತ ಬೇಕಿತ್ತು.

“ಎಷ್ಟು ಹಾರ್ತಿ?” ಎಂದು ವಸ್ತಾದ ಕೇಳಿದ.

“ನೂರಾ ಐವತ್ತೈದು ಸೆಂಟಿಮೀಟರ್ ಹಾರ್ತೀನ್ರಿ ಅಜ್ಜಾರ. ನೂರಾ ಅರವತ್ತು ಹಾರಿದ್ರ ರಾಜ್ಯದ ತಂಡಕ್ಕ ತಗೋತಾರ.”

ಮುದುಕ ತನ್ನ ಬೆರಳು ಜೋಡಿಸಿ ನೋಡಿಕೊಂಡ. “ಅಂದ್ರ ಮೂರು ಬೆರಳು.”

“ಹೌದ್ರಿ. ಮೂರು ಬೆರಳಿಗೆ ಎರಡು ವರ್ಷದಿಂದ ಕೋಲು ಬೀಳಾಕತ್ತೈತಿ. ಯುಗಾದಿ ಆದಮ್ಯಾಲೆ ಪಂದ್ಯ ಐತಿ, ಅದ ಕಡೀ ಸಲ. ಆಮ್ಯಾಗ ನನ್ನ ವಯಸ್ಸು ಮೀರತೈತಿ.”

ವಸ್ತಾದ ಒಳಗೆ ಹೋಗಿ, ಒಂದು ದಪ್ಪ ಬಟ್ಟೆಯ ಪಟ್ಟಿ ತಂದು ಅವಳ ನಡುವಿಗೆ ಕಟ್ಟಿದ. ಒಳಗೆ ಚೀಲದ ಹಾಗೆ ಟೊಳ್ಳು. ಸದ್ಯಕ್ಕೆ ಖಾಲಿ.

“ಅಮಾಸಿಗೊಂದು ಬೊಗಸಿ ಒಣ ಮರಳು ತುಂಬು. ಅದನ್ನ ಕಟಗೊಂಡು ಹಾರು.”

ತುಂಬುವ ಕೈ ಕಲಿಯುವವರದು. ಅವರು ತುಂಬುವಾಗ ವಸ್ತಾದ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇದು ಆ ಗರಡಿಯ ಹಳೆಯ ಪದ್ಧತಿ.

ಗರಡಿಯ ಹಿಂದೆ ಎರಡು ಕಟ್ಟೆಗಳಿದ್ದವು. ಒಂದು ಮೊಣಕಾಲೆತ್ತರ, ಇನ್ನೊಂದು ಅದಕ್ಕಿಂತ ಎತ್ತರ. ನಡುವೆ ಒಂದು ಹಾಸುಗಲ್ಲು. ಸಣ್ಣ ಕಟ್ಟೆಯಿಂದ ಕಲ್ಲಿಗೆ ಜಿಗಿಯಬೇಕು, ಜಿಗಿದ ಕಾಲಲ್ಲೇ ದೊಡ್ಡ ಕಟ್ಟೆಗೆ ಹಾರಬೇಕು. ದಿನಾ ಮುಂಜಾನೆ ಅದೇ ಕೆಲಸ.

ದೀಪಾವಳಿಯ ಅಮಾವಾಸ್ಯೆಗೆ ಒಂದು ಬೊಗಸೆ, ಮುಂದಿನದಕ್ಕೆ ಎರಡನೆಯದು. ಹೊನ್ನವ್ವನಿಗೆ ಅದು ಏನೇನೂ ಸಾಲಲಿಲ್ಲ.

ಮೂರನೆಯ ಅಮಾವಾಸ್ಯೆಗೆ ಅವಳು ನದಿಯ ಅಂಚಿಗೇ ಇಳಿದು ಹೋದಳು. ಒಣ ಮರಳು ಬೆರಳ ಸಂದಿಯಲ್ಲಿ ಜಾರಿಹೋಗುತ್ತದೆ. ಒದ್ದೆ ಮರಳು ಹಾಗಲ್ಲ, ಬೊಗಸೆಯ ಮೇಲೆ ಗುಡ್ಡದಂತೆ ನಿಲ್ಲುತ್ತದೆ. ಅವಳು ಪಟ್ಟಿ ಬಿಚ್ಚಿ ಹಳೆಯದನ್ನೆಲ್ಲ ಸುರಿದು, ಮೂರು ಗುಡ್ಡ ತುಂಬಿಕೊಂಡಳು. ಬೊಗಸೆ ಮೂರೇ ತಾನೇ?

ಕೆಲಸಗಳ್ಳರನ್ನು ಹಿಡಿಯುವುದು ಗುರುಗಳಿಗೆ ಸುಲಭ. ಹೊನ್ನವ್ವ ಕೆಲಸ ಕದಿಯಲಿಲ್ಲ, ಕೂಡಿಸಿಕೊಂಡಳು. ಅಂಥವರನ್ನು ಯಾರು ಬೈಯಬೇಕು? ಮುದುಕ ಬೈಯಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಐದು ಗುಡ್ಡ ಆಗಿತ್ತು. ತೊಡೆ ಕಲ್ಲಿನಂತೆ ಗಟ್ಟಿಯಾಯಿತು. ಅವಳಿಗೆ ತನ್ನ ಮೇಲೆ ತನಗೇ ಹೆಮ್ಮೆ. ಒಂದು ದಿನ ಪಟ್ಟಿ ಬಿಚ್ಚಿಟ್ಟು, ಕೋಲು ಕಟ್ಟಿ ಹಾರಿ ನೋಡಿದಳು.

ನೂರಾ ಐವತ್ತೈದಕ್ಕೇ ಕೋಲು ಬಿತ್ತು. ಮತ್ತೆ ಹಾರಿದಳು. ಮತ್ತೆ ಬಿತ್ತು.

ಅವಳು ಓಡಿಬಂದು ವಸ್ತಾದನ ಮುಂದೆ ನಿಂತಳು.

“ಅಜ್ಜಾರ, ಮರಳು ಇನ್ನೂ ಹೆಚ್ಚಿಗಿ ಬೇಕ್ರಿ.”

“ನಾಳೆ ಮಧ್ಯಾಹ್ನ ಬಾ,” ಎಂದ ಮುದುಕ. “ಪಟ್ಟಿ ಕಟಗೊಂಡು ಬಾ. ಚಪ್ಪಲಿ ಬ್ಯಾಡ.”

ಮರುದಿನ ಮಧ್ಯಾಹ್ನ ಹಾಸುಗಲ್ಲು ಚೆನ್ನಾಗಿ ಕಾದಿತ್ತು. ಹೊನ್ನವ್ವ ಸಣ್ಣ ಕಟ್ಟೆಯಿಂದ ಕಲ್ಲಿಗೆ ಜಿಗಿದಳು. ಧಪ್ ಎಂದು ಸದ್ದಾಯಿತು. ಮೊಣಕಾಲು ಮಡಚಿತು. ಅವಳು ಅಲ್ಲೇ ಕುಕ್ಕರಿಸಿ, ಮೇಲೇಳಲು ಕಾಲು ಕೂಡಿಸಿಕೊಳ್ಳುವಷ್ಟರಲ್ಲಿ ಅಂಗಾಲು ಚುರುಗುಟ್ಟಿತು.

“ಸುಡತೈತ್ರಿ ಅಜ್ಜಾರ.”

“ಸುಡೋ ಕಲ್ಲಿನ ಮ್ಯಾಲೆ ಯಾಕ ಕುಂತಿ?”

“ಏಳಾಕ ಆಗವಲ್ದ್ರಿ.”

ಮುದುಕ ಸೊಂಟದಿಂದ ಚೂರಿ ತೆಗೆದು ಅವಳ ಪಟ್ಟಿಯ ಅಡಿಯಲ್ಲಿ ಬೆರಳು ತೂರುವಷ್ಟು ಸೀಳಿದ. ಮರಳು ಸುರಿಯತೊಡಗಿತು.

“ಹಾರು.”

ಅವಳು ಹಾರಿದಳು. ಧಪ್. ಒಂದಿಷ್ಟು ಮರಳು ಚೆಲ್ಲಿತು. ಮತ್ತೆ ಹಾರಿದಳು. ಮುದುಕ ಅವಳ ಕಡೆ ನೋಡಲೇ ಇಲ್ಲ, ಕಣ್ಣು ಮುಚ್ಚಿ ಕೂತು ಕಲ್ಲಿನ ಕಡೆ ಕಿವಿ ಕೊಟ್ಟಿದ್ದ. ಅಂಗಾಲು ಕೆಂಪಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಆದರೂ ಅವಳು ಬಿಡಲಿಲ್ಲ.

ಹತ್ತನೆಯದೋ ಹನ್ನೊಂದನೆಯದೋ ಜಿಗಿತ. ಟಪ್ ಎಂದಿತು. ಸುಟ್ಟಿತು ಅನ್ನುವುದರೊಳಗೆ ಹೊನ್ನವ್ವ ದೊಡ್ಡ ಕಟ್ಟೆಯ ಮೇಲಿದ್ದಳು. ಹೇಗೆ ಬಂದೆನೆಂದು ಅವಳಿಗೇ ತಿಳಿಯಲಿಲ್ಲ.

ಮುದುಕ ಎದ್ದು ಬಂದು ಪಟ್ಟಿಯ ತೂತಿಗೆ ಹೆಬ್ಬೆಟ್ಟು ಒತ್ತಿ ಹಿಡಿದ. ಪಟ್ಟಿ ಬಿಚ್ಚಿಸಿ, ಉಳಿದ ಮರಳನ್ನು ತನ್ನ ಕೈಯಿಂದಲೇ ಅಳೆದ. ಐದು ಬೊಗಸೆ. ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊನ್ನವ್ವ ತಲೆ ತಗ್ಗಿಸಿದಳು. “ನಾ ಒದ್ದಿ ಮರಳು ತುಂಬತಿದ್ದೆನ್ರಿ.”

“ಗೊತ್ತೈತಿ. ಅಮಾಸಿಗೊಮ್ಮಿ ನಿನ್ನ ನಡುವಿಂದ ನೀರು ಸೋರತಿತ್ತು.”

“ಮತ್ಯಾಕ ಹೇಳ್ಲಿಲ್ರಿ?”

“ಹೇಳಿದ್ರ ನನ್ನ ಮಾತು ಕೇಳತಿದ್ದಿ. ಕಲ್ಲಿನ ಮಾತು ಕೇಳತಿದ್ದಿಲ್ಲ.”

ಪಟ್ಟಿಯ ಸೀಳು ಹೊಲಿದುಕೊಂಡು, ಅಂದಿನಿಂದ ಅವಳು ಐದೇ ಬೊಗಸೆ ಕಟ್ಟಿಕೊಂಡಳು, ಒಣ ಮರಳು. ದಿನ ಬಿಟ್ಟು ದಿನ, ಕಲ್ಲು ಕಾದ ಮೇಲೆ, ಹತ್ತೇ ಜಿಗಿತ. ಹನ್ನೊಂದನೆಯದಕ್ಕೆ ಮುದುಕ ಕೈ ಅಡ್ಡ ಹಿಡಿಯುತ್ತಿದ್ದ.

ಯುಗಾದಿಯ ಹಿಂದಿನ ಅಮಾವಾಸ್ಯೆ ಬಂತು. ಆರನೆಯ ಬೊಗಸೆಗೆಂದು ಅವಳು ಪಟ್ಟಿ ಮುಂದೆ ಹಿಡಿದಳು. ವಸ್ತಾದ ಅದನ್ನು ಕಸಿದುಕೊಂಡು ಗೂಟಕ್ಕೆ ನೇತುಹಾಕಿದ.

“ಇನ್ನ ಒಂಬತ್ತು ದಿನ ಐತಿ. ಉಂಡು, ಮಲ್ಕೊಂಡು, ಹೊಳಿ ನೋಡಕೋತ ಕುಂದ್ರು.”

“ಕಲ್ತದ್ದನ್ನ ಕಾಲು ಮರೀತಾವ್ರಿ.”

“ಕಾಲು ಮರಿಯಂಗಿಲ್ಲ. ನೀನು ಮರಿ.”

“ಹಂಗಾರ ಇಷ್ಟು ದಿನ ಮರಳು ಯಾಕ ಹೊರಿಸಿದ್ರಿ?”

“ಇಳಿಸಾಕ.”

ಅವಳು ಸಿಡಿಮಿಡಿಗೊಳ್ಳುತ್ತಲೇ ಹೊಳೆಯ ದಂಡೆಗೆ ಹೋಗಿ ಕೂತಳು. ಮೊದಲೆರಡು ದಿನ ಕಾಲು ನೋಯುತ್ತಿತ್ತು. ಆರನೆಯ ದಿನ ನೋವು ಹೋಯಿತು. ಎಂಟನೆಯ ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮುದುಕ ದೂರದಿಂದ ನೋಡಿ, ಮೀಸೆಯಲ್ಲೇ ನಕ್ಕ.

ಒಂಬತ್ತನೆಯ ದಿನ ಪಂದ್ಯ. ಸುಡುಬಿಸಿಲು. ನೂರಾ ಐವತ್ತೈದನ್ನು ಹೊನ್ನವ್ವ ಒಂದೇ ಏಟಿಗೆ ದಾಟಿದಳು. ಕೋಲು ನೂರಾ ಅರವತ್ತಕ್ಕೆ ಏರಿತು. ಉಳಿದ ಹುಡುಗಿಯರೆಲ್ಲ ಅಲ್ಲಿ ಕೈಬಿಟ್ಟರು.

ಹೊನ್ನವ್ವನ ಮೊದಲ ಯತ್ನ. ಕೋಲು ಬಿತ್ತು.

ಎರಡನೆಯದು. ಹಿಮ್ಮಡಿ ತಾಗಿ ಕೋಲು ಅದುರಿ, ಅದುರಿ, ಬಿತ್ತು.

ಇನ್ನು ಒಂದೇ ಉಳಿದಿತ್ತು. ಅದೂ ಹೋದರೆ ಮುಂದಿನ ವರ್ಷ ಎಂಬುದಿಲ್ಲ. ನಡುವಿನಲ್ಲಿ ಇಲ್ಲದ ಪಟ್ಟಿ ಮತ್ತೆ ಜಗ್ಗಿದಂತಾಯಿತು. ಅವಳು ಹಗ್ಗದಾಚೆ ನಿಂತಿದ್ದ ವಸ್ತಾದನ ಕಡೆ ತಿರುಗಿದಳು.

ಮುದುಕ ಮೆಲ್ಲಗೆ ಚಪ್ಪಲಿ ಕಳಚಿದ. ಬರಿಗಾಲನ್ನು ಕಾದ ಸಿಮೆಂಟಿನ ಮೆಟ್ಟಿಲ ಮೇಲಿಟ್ಟು, ಚಟ್ಟನೆ ಎತ್ತಿಕೊಂಡ. ಇನ್ನೊಂದು ಕಾಲಿಟ್ಟ, ಅದನ್ನೂ ಎತ್ತಿಕೊಂಡ. ಎಪ್ಪತ್ತೈದು ವರ್ಷದ ಮುದುಕ ಅಷ್ಟು ಜನರ ನಡುವೆ ಕುಣಿಯುತ್ತಿದ್ದ.

ಹೊನ್ನವ್ವನಿಗೆ ನಗು ಬಂತು. ನಗುತ್ತಲೇ ಓಡಿದಳು.

ಕೊನೆಯ ಹೆಜ್ಜೆ ನೆಲಕ್ಕೆ ತಾಗಿತು. ಟಪ್. ಅಷ್ಟೇ.

ಬೆನ್ನು ಕೋಲಿನ ಮೇಲೆ ಹಾದುಹೋಯಿತು. ನಡು ಹೋಯಿತು, ಹಿಮ್ಮಡಿಯೂ ಹೋಯಿತು. ಕೋಲು ಅಲುಗಲಿಲ್ಲ. ಗಾದಿಯ ಮೇಲೆ ಬಿದ್ದ ಹೊನ್ನವ್ವ ಅಲ್ಲಿಂದಲೇ ಅದನ್ನು ನೋಡಿದಳು. ನೀಲಿ ಆಕಾಶದ ಕೆಳಗೆ ಅದು ಹಾಗೇ ಕೂತಿತ್ತು. ಮೈದಾನಕ್ಕೆ ಮೈದಾನವೇ ಕೂಗಿತು. ಅವಳು ಮುಖ ಮುಚ್ಚಿಕೊಂಡು ಅತ್ತಳು. ಎರಡು ವರ್ಷದ ಅಳು ಅದು, ಸಂತೋಷದಿಂದ ಬಂತು.

ತೀರ್ಪುಗಾರರು ನಗುತ್ತ ಅವಳ ಕೈಹಿಡಿದು ಎಬ್ಬಿಸಿದರು.

“ಪಂದ್ಯ ನೀನ ಗೆದ್ದಿ, ತಂಗಿ. ತಂಡಕ್ಕೂ ಸೇರಿದಿ. ಇನ್ನ ಹಾರೂದು ಬಿಡೂದು ನಿನಗ ಬಿಟ್ಟದ್ದು. ದಣದೀ, ಸಾಕು, ಕುಂದ್ರು.”

ಹೊನ್ನವ್ವ ಕಣ್ಣೊರಸಿಕೊಂಡು ಹಗ್ಗದ ಕಡೆ ನೋಡಿದಳು. ಮುದುಕ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲೇ ನಿಂತಿದ್ದ.

“ಕುಂದರಸಬ್ಯಾಡ್ರಿ,” ಎಂದ. “ಕೋಲು ಏರಸ್ರಿ. ಕಲ್ಲು ಇನ್ನೂ ಬಿಸಿ ಐತಿ.”