ಅಲುಗಾಡದಂತೆ ಕಟ್ಟಿದ ಕಾರು

"ಗುರುಗಳೇ, ಮನಸ್ಸು ಒಂದಿಷ್ಟೂ ಅಲುಗಾಡದಂತೆ ಅದನ್ನು ಕಟ್ಟಿಹಾಕುವುದು ಹೇಗೆ?"

ಕೇಳಿದವನು ಚನ್ನಮಲ್ಲ, ಮಠದ ಶಿಷ್ಯ. ಕೇಳಿದವನು ಕೂರಲಿಲ್ಲ. ಪಡಸಾಲೆಯ ಈ ಕಂಬದಿಂದ ಆ ಕಂಬಕ್ಕೆ ನಡೆದ, ಮತ್ತೆ ಹಿಂದಕ್ಕೆ ಬಂದ. ಗುರುಗಳು ಮೊರದಲ್ಲಿ ಹುರಳಿ ಹರವಿಕೊಂಡು ಕಲ್ಲು ಆರಿಸುತ್ತಿದ್ದರು.

"ನೆಲ ಸವೆದೀತು. ಕೂತು ಹೇಳು" ಎಂದರು.

ಚನ್ನಮಲ್ಲ ನಿಂತೇ ಹೇಳಿದ. "ಧ್ಯಾನಕ್ಕೆ ಕೂತರೆ ಮನಸ್ಸು ಅಲ್ಲಾಡುತ್ತದೆ. ಹಾಡಿನಿಂದ ಅಲ್ಲಾಡುತ್ತದೆ ಎಂದು ಭಜನೆ ಬಿಟ್ಟೆ. ಮಾತಿನಿಂದ ಎಂದು ಗೆಳೆಯರನ್ನು ಬಿಟ್ಟೆ. ಮೊನ್ನೆ ಅವ್ವ ನೋಡಲು ಬಂದಿದ್ದಳು, ನಾನು ಹೊರಗೆ ಬರಲಿಲ್ಲ. ಈಗ ಒಂದೊಂದು ಸಲ ಒಳಗೆ ಏನೂ ಸದ್ದಿರುವುದಿಲ್ಲ. ಅಳು ಬರುವುದಿಲ್ಲ, ನಗುವೂ ಬರುವುದಿಲ್ಲ. ಅಷ್ಟು ಹೊತ್ತು ನೆಮ್ಮದಿ. ನನಗೆ ಅದೇ ಪೂರ್ತಿ ಬೇಕು. ಹಿಂದಿನ ಕೋಣೆಯಲ್ಲಿ ಅಗುಳಿ ಹಾಕಿಕೊಂಡು ಕೂತುಬಿಡುತ್ತೇನೆ. ಇವತ್ತೇ ಅಪ್ಪಣೆಯಾಗಬೇಕು."

ಗುರುಗಳ ಕೈ ಮೊರದ ಮೇಲೆ ನಿಂತಿತು. ಭಜನೆಯಲ್ಲಿ ಎಲ್ಲರಿಗಿಂತ ಎತ್ತರದ ದನಿ ಈ ಹುಡುಗನದೇ ಆಗಿತ್ತು. ಆ ದನಿ ಕೇಳದೆ ಬಹಳ ದಿನವಾಗಿತ್ತು. ಅವರಿಗೆ ಹೆದರಿಕೆಯಾಯಿತು. ಹೆದರಿದಾಗ ತಮಾಷೆ ಮಾಡುವುದು ಅವರ ಸ್ವಭಾವ.

"ಅಪ್ಪಣೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಒಂದು ಕತೆ ಕೇಳು. ಕಾರಿನ ಕತೆ. ಹುಬ್ಬೇರಿಸಬೇಡ. ಎತ್ತಿನ ಗಾಡಿಯ ಕತೆ ಹೇಳಿ ಹೇಳಿ ನನಗೂ ಸಾಕಾಗಿದೆ, ಎತ್ತುಗಳಿಗೂ ಸಾಕಾಗಿದೆ" ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಸಾಗಣೆಯವನಿದ್ದ. ಹಳೆಯ ಕಾರುಗಳನ್ನು ಊರಿಂದೂರಿಗೆ ಸಾಗಿಸುವುದು ಅವನ ಕಸುಬು. ಹಳೆಯ ಕಾರಿನ ಹುಚ್ಚು ಹಿಡಿದವರು ಕೆಲವರಿರುತ್ತಾರೆ. ತುಕ್ಕು ತಿಂದ ಗಾಡಿಯನ್ನು ಪೂರ್ತಿ ಬಿಚ್ಚಿ, ಒಂದೊಂದೇ ಭಾಗ ಹುಡುಕಿ ತಂದು ಕೂಡಿಸುತ್ತಾ ವರ್ಷಗಟ್ಟಲೆ ಕಳೆಯುತ್ತಾರೆ. ಅಂಥ ಕಾರು ಅರ್ಧ ಆಗಿರುತ್ತದೆ, ಇನ್ನರ್ಧ ಆಗಬೇಕಾಗಿರುತ್ತದೆ. ಓಡಿಸಿಕೊಂಡು ಹೋಗಲು ಬರುವುದಿಲ್ಲ. ಮಳೆ, ಧೂಳು ತಾಗಿಸುವಂತಿಲ್ಲ. ಅದಕ್ಕೆಂದೇ ಇವನ ಬಳಿ ಸುತ್ತಲೂ ತಗಡು ಹೊದಿಸಿದ, ಹಿಂದೆ ಬಾಗಿಲಿರುವ ಒಂದು ಟ್ರೇಲರು ಇತ್ತು. ಅದನ್ನು ಜೀಪಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಿದ್ದ.

ಕಾರು ಏರಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸಮತಟ್ಟಾದ ನೆಲ ನೋಡಿ ಟ್ರೇಲರು ನಿಲ್ಲಿಸುತ್ತಿದ್ದ. ಅದರ ಗಾಲಿಗಳಿಗೆ ಕಲ್ಲು ಕೊಡುತ್ತಿದ್ದ. ಬಾಗಿಲು ತೆರೆದು ಹಲಗೆ ಇಳಿಬಿಟ್ಟು, ಒಳಗಿದ್ದ ವಿಂಚಿನ, ಅಂದರೆ ಭಾರ ಎಳೆಯುವ ರಾಟೆಯ, ಉಕ್ಕಿನ ಹಗ್ಗವನ್ನು ಕಾರಿನ ಮುಂಭಾಗಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯುತ್ತಿದ್ದ. ಆಗ ಕಾರಿನ ಹಿಂದೆ ಯಾರೂ ನಿಲ್ಲಕೂಡದು. ಕಾರಿನ ಧಣಿಯೇ ನಿಂತರೂ ಬೈದು ಸರಿಸುತ್ತಿದ್ದ. ಕಾರು ಒಳಗೆ ಹೋದ ಮೇಲೆ ಗಾಲಿಗಳ ಹಿಂದೆ ಮುಂದೆ ಮರದ ತುಂಡು ಒತ್ತಿ, ಒಂದೊಂದು ಗಾಲಿಯ ಮೇಲೂ ಬೆಲ್ಟು ಹಾಯಿಸಿ ಟ್ರೇಲರಿನ ತಳದ ಕೊಂಡಿಗೆ ಬಿಗಿಯುತ್ತಿದ್ದ.

ಬಿಗಿಯುತ್ತಿದ್ದದ್ದು ಗಾಲಿಯನ್ನು ಮಾತ್ರ. ಕಾರಿನ ಮೈಯನ್ನು ಮುಟ್ಟುತ್ತಿರಲಿಲ್ಲ. ಗಾಲಿ ಕದಲದಿದ್ದರೆ ಕಾರು ಎಲ್ಲಿಗೂ ಹೋಗುವುದಿಲ್ಲ. ಮೈ ಇರುವುದು ಸ್ಪ್ರಿಂಗಿನ ಮೇಲೆ. ದಾರಿ ಕುಲುಕಿದರೆ ಅದೂ ಕುಲುಕುತ್ತದೆ, ಕುಲುಕಲಿ ಎಂದೇ ಸ್ಪ್ರಿಂಗು ಇಟ್ಟಿರುವುದು.

ಧಣಿಗಳಿಗೆ ಇದು ಅರ್ಥವಾಗುತ್ತಿರಲಿಲ್ಲ. ಕಾರಿನ ಮೈ ಒಂದು ಸಲ ಆ ಕಡೆ ವಾಲಿದರೆ ಇವರ ಜೀವ ಬಾಯಿಗೆ ಬರುತ್ತಿತ್ತು. ಅವನು ನಗುತ್ತಿದ್ದ. "ಅಲ್ಲಾಡ್ಲಿ ಬಿಡಿ ಸಾರ್. ಮೊದಲ್ನೇ ಟೀ ಅಂಗಡೀಲಿ ಒಂದ್ಸಲ ಬಾಗಿಲು ತೆಗೆದು ಬೆಲ್ಟು ನೋಡ್ತೀನಿ. ಆಮೇಲೆ ನಾನು ನೋಡೋದು ರಸ್ತೇನ" ಎನ್ನುತ್ತಿದ್ದ. ಅವನು ಸಾಗಿಸಿದ ಒಂದು ಕಾರಿಗೂ ಗೀರು ಬಿದ್ದದ್ದಿಲ್ಲ.

ಬೇರೆಯವರ ಕಾರಿನ ಮಾತು ಇಷ್ಟಾಯಿತು.

ಅವನಿಗೂ ಒಂದು ಕಾರಿತ್ತು. ಅದು ಹಿಂದೆ ಒಬ್ಬ ಡಾಕ್ಟರಮ್ಮನದಾಗಿತ್ತು. ಹಳ್ಳಿಯಿಂದ ಹಳ್ಳಿಗೆ ಹೆರಿಗೆ ಮಾಡಿಸಲು ಅವರು ಅದರಲ್ಲೇ ಓಡಾಡುತ್ತಿದ್ದರು. ಇವನ ತಾಯಿಯನ್ನು ಆಸ್ಪತ್ರೆಗೆ ಒಯ್ಯುವಾಗ ನೋವು ತಡೆಯದೆ, ಇವನು ಹುಟ್ಟಿದ್ದು ಆ ಕಾರಿನ ಹಿಂದಿನ ಸೀಟಿನಲ್ಲಿ. ಎಷ್ಟೋ ವರ್ಷದ ಮೇಲೆ ಅದನ್ನು ಗುಜರಿಯಲ್ಲಿ ಕಂಡ. ಬಿಟ್ಟು ಬರಲು ಮನಸ್ಸಾಗಲಿಲ್ಲ. ತಂದು ಮನೆಯ ಹಿಂದೆ ಶೆಡ್ಡು ಹಾಕಿ ನಿಲ್ಲಿಸಿದ. ತಳವೆಲ್ಲ ತುಕ್ಕು ತಿಂದು ಜರಡಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದ. ಬಾಗಿಲು ಕೂಡಿಸಿದ. ಅದೇ ಬಣ್ಣ ಹುಡುಕಿ ಬಳಿಸಿದ. ಎಂಜಿನ್ನಿಗೆ ಜೀವ ಬರುವುದು, ಬ್ರೇಕು ಕೂಡಿಸುವುದು ಇನ್ನೂ ಬಾಕಿ ಇತ್ತು.

ಅಷ್ಟರಲ್ಲಿ ಡಾಕ್ಟರಮ್ಮ ಹೇಳಿಕಳಿಸಿದರು. ಅವರಿದ್ದದ್ದು ದೂರದ ಊರಿನಲ್ಲಿ. ವಯಸ್ಸಾಗಿತ್ತು, ಪ್ರಯಾಣ ಆಗುತ್ತಿರಲಿಲ್ಲ. ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಮಳೆಗಾಲ ಕಳೆಯುವ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ಕಣ್ಣಿನ ವೈದ್ಯರು ಹೇಳಿದ್ದರು. "ನನ್ನ ಕಾರು ನಿನ್ನ ಹತ್ರ ಇದೆಯಂತೆ. ಕಣ್ಣು ಇರೋವಾಗ್ಲೇ ಒಂದ್ಸಲ ಅದರಲ್ಲಿ ಕೂತು, ಸ್ಟೇರಿಂಗ್ ಹಿಡಿದು ಬೀದಿ ನೋಡಬೇಕು. ಹೆಂಗಿದೆಯೋ ಹಂಗೇ ತಗೊಂಡ್ ಬಾ." ಇಷ್ಟೇ ಅವರ ಮಾತು.

ಅವನು ಮರುದಿನ ಬೆಳಗಾಗುತ್ತಲೇ ಟ್ರೇಲರು ನಿಲ್ಲಿಸಿದ. ಗಾಲಿಗೆ ಕಲ್ಲು ಕೊಟ್ಟ. ಹೆಂಡತಿ ವಿಂಚಿನ ಬಳಿ ನಿಂತಳು. ಕಾರು ಇಂಚಿಂಚಾಗಿ ಹಲಗೆ ಏರಿ ಒಳಗೆ ಹೋಯಿತು. ಮರದ ತುಂಡು ಒತ್ತಿದ. ನಾಲ್ಕೂ ಗಾಲಿಗೆ ಬೆಲ್ಟು ಬಿಗಿದ. ಎಲ್ಲವೂ ಎಂದಿನಂತೆಯೇ ನಡೆಯಿತು. ಬಾಗಿಲು ಮುಚ್ಚುವ ಮೊದಲು, ಯಾಕೋ, ಕೈಯಿಂದ ಕಾರಿನ ಮೈಯನ್ನು ಒಮ್ಮೆ ತಳ್ಳಿ ನೋಡಿದ. ಅದು ಮೆಲ್ಲಗೆ ಆ ಕಡೆ ಹೋಗಿ ಈ ಕಡೆ ಬಂತು.

"ಅಲ್ಲಾಡ್ತಿದೆ ಕಣೇ" ಎಂದ.

"ಅಲ್ಲಾಡ್ದೆ ಇನ್ನೇನು? ದಿನಾ ಊರೋರಿಗೆಲ್ಲ ನೀವೇ ಹೇಳ್ತೀರಲ್ರೀ, ಅಲ್ಲಾಡ್ಲಿ ಅಂತ."

"ಅದು ಅವರ ಕಾರು. ಇದು ನಂದು."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮಜ್ಜಿಗೆಗೆ ಬಿದ್ದಿತಂತೆ. ಇವನು ಮತ್ತೆ ಒಳಗೆ ಹೋದ. ಇನ್ನೂ ನಾಲ್ಕು ಬೆಲ್ಟು ತಂದು ಕಾರಿನ ತಳಕ್ಕೆ, ತಾನೇ ಬೆಸೆದ ತಗಡಿಗೆ ಸಿಕ್ಕಿಸಿದ. ಹಿಡಿಕೆ ಜಗ್ಗಿದರೆ ಹಲ್ಲು ಹಲ್ಲಾಗಿ ಬಿಗಿಯುವ ಬೆಲ್ಟು ಅದು. ಜಗ್ಗುತ್ತಾ ಹೋದ. ಕಾರಿನ ಮೈ ಕೆಳಗಿಳಿಯಿತು, ಸ್ಪ್ರಿಂಗು ಕುಗ್ಗಿತು. ತಳ್ಳಿ ನೋಡಿದ. ಅಲ್ಲಾಡಲಿಲ್ಲ. ಆಗ ಬಾಗಿಲು ಮುಚ್ಚಿದ.

ಹೊರಟರು. ಮುಚ್ಚಿದ ಟ್ರೇಲರು ನೋಡು, ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ. ರಸ್ತೆಯ ಮೊದಲ ಉಬ್ಬು ದಾಟಿದಾಗ ಕಿರ್ ಎಂದಿತು. ಅವನು ಟೀ ಅಂಗಡಿಯ ತನಕವೂ ಕಾಯಲಿಲ್ಲ. ನಿಲ್ಲಿಸಿ, ಇಳಿದು, ಬಾಗಿಲು ತೆಗೆದು ತಳ್ಳಿ ನೋಡಿದ. ಕೂದಲೆಳೆಯಷ್ಟು ಅಲ್ಲಾಡಿದಂತಾಯಿತು. ಇನ್ನೊಂದು ಹಲ್ಲು ಬಿಗಿ ಮಾಡಿದ. ಸ್ವಲ್ಪ ದೂರ ಹೋಗುವುದರಲ್ಲಿ ಮತ್ತೆ ಕಿರ್. ಮತ್ತೆ ನಿಲ್ಲಿಸಿದ, ಮತ್ತೆ ಬಿಗಿದ. ಟೀ ಅಂಗಡಿ ಬಂತು, ಟೀ ಕುಡಿಯಲಿಲ್ಲ. ಊಟದ ಹೊತ್ತಾಯಿತು, ಬುತ್ತಿ ಬಿಚ್ಚಲಿಲ್ಲ. ಹೆಂಡತಿ ಏನಾದರೂ ಮಾತಾಡಿದರೆ "ಶ್, ಸುಮ್ಮನಿರು" ಎಂದು ಕಿವಿಯನ್ನು ಹಿಂದಕ್ಕೇ ಇಟ್ಟಿದ್ದ. ರಸ್ತೆ ನೋಡುವವನು ಕನ್ನಡಿ ನೋಡುತ್ತಿದ್ದ. ಕನ್ನಡಿಯಲ್ಲಿ ಕಾಣುವುದು ಬರೀ ತಗಡು. ಎರಡು ಸಲ ಎದುರಿನ ಲಾರಿಗೆ ಗುದ್ದುವುದು ತಪ್ಪಿತು.

ಅವನು ಬಿಗಿದಷ್ಟೂ ಸದ್ದು ಹೆಚ್ಚಾಯಿತು. ಸದ್ದು ಹೆಚ್ಚಾದಷ್ಟೂ ಅವನು ಬಿಗಿದ. ದಾರಿಯ ಹೊಡೆತವನ್ನು ತಿನ್ನಲೆಂದು ಇದ್ದದ್ದು ಸ್ಪ್ರಿಂಗು. ಅದನ್ನೇ ಇವನು ಕಟ್ಟಿಹಾಕಿದ್ದ. ಇನ್ನು ಹೊಡೆತ ತಿನ್ನುವವರು ಯಾರು? ಬೆಸುಗೆ ತಿನ್ನಬೇಕು, ತಗಡು ತಿನ್ನಬೇಕು.

ಸೇತುವೆ ದಾಟಿದ ಮೇಲೆ ಒಂದು ಗುಂಡಿ ಬಂತು. ಒಳಗೆ ಪಟ್ ಎಂದಿತು. ಅದಾದ ಮೇಲೆ ಸದ್ದೇ ಇಲ್ಲ. ಅವನು ನಿಲ್ಲಿಸಿ ಓಡಿ ಹೋಗಿ ಬಾಗಿಲು ತೆಗೆದ. ಕಾರು ಇದ್ದಲ್ಲೇ ಇತ್ತು. ತಳ್ಳಿ ನೋಡಿದ. ಕಲ್ಲಿನಂತೆ ಕೂತಿತ್ತು. ಅವನ ಮುಖ ಅರಳಿತು. ಬೆಳಗಿನಿಂದ ಮೊದಲ ಸಲ ಹೆಂಡತಿಯ ಕಡೆ ತಿರುಗಿ, "ಈಗ ಸರಿಹೋಯ್ತು ನೋಡು. ಬಾ, ಉಣ್ಣೋಣ" ಎಂದ. ಮರದ ಕೆಳಗೆ ಕೂತು ಹೊಟ್ಟೆ ತುಂಬ ಉಂಡ. ಉಳಿದ ದಾರಿಯುದ್ದಕ್ಕೂ ಒಳಗಿನಿಂದ ಒಂದು ಕಿರ್ ಕೂಡ ಕೇಳಲಿಲ್ಲ. ಅಷ್ಟು ನೆಮ್ಮದಿಯಿಂದ ಅವನು ಯಾವತ್ತೂ ಗಾಡಿ ಓಡಿಸಿರಲಿಲ್ಲ.

ಇಳಿಬಿಸಿಲಿನಲ್ಲಿ ಆ ಊರು ಮುಟ್ಟಿದರು. ಡಾಕ್ಟರಮ್ಮ ಒಳ್ಳೆಯ ಸೀರೆ ಉಟ್ಟು, ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಅವನು ಬಾಗಿಲು ತೆರೆದ. ಬೆಲ್ಟು ಬಿಚ್ಚಿದ. ಬಿಚ್ಚಿದರೆ ಕಾರಿನ ಮೈ ಸ್ಪ್ರಿಂಗಿನ ಮೇಲೆ ಎದ್ದು ನಿಲ್ಲಬೇಕು. ಏಳಲಿಲ್ಲ. ಬಗ್ಗಿ ನೋಡಿದ. ಬೆಸುಗೆ ಈ ತುದಿಯಿಂದ ಆ ತುದಿಗೆ ಬಿಟ್ಟಿತ್ತು. ತಳ ಹರಿದು, ಮೈ ಮುರಿದು ಅಚ್ಚಿನ ಮೇಲೆ ಕೂತುಬಿಟ್ಟಿತ್ತು. ಹೇಗೋ ಕೆಳಗಿಳಿಸಿದರು. ಡಾಕ್ಟರಮ್ಮ ಕೈಯಿಂದ ತಡವಿಕೊಂಡು ಬಂದು, ಚಾಲಕನ ಬಾಗಿಲಿನ ಹಿಡಿ ಹುಡುಕಿ ಎಳೆದರು. ಬಾಗಿಲು ಸೊಟ್ಟಗಾಗಿ ಸಿಕ್ಕಿಕೊಂಡಿತ್ತು. ತೆರೆಯಲಿಲ್ಲ. ತೆರೆದಿದ್ದರೂ ಕೂರಲು ಒಳಗೆ ಸೀಟು ನಿಂತಿರಲಿಲ್ಲ.

"ಏನಾಯ್ತೋ ಇದಕ್ಕೆ?" ಎಂದರು.

"ನಾನೇ ಅಮ್ಮಾ ಮಾಡಿದ್ದು. ಒಂಚೂರೂ ಅಲ್ಲಾಡಬಾರದು ಅಂತ ಬಿಗಿದೆ."

"ಅಲ್ಲಾಡದೆ ಇರೋ ಕಾರನ್ನ ನಾನು ಯಾವತ್ತು ಓಡ್ಸಿದ್ದೆ, ಮಗಾ?"

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಂಗಳದಲ್ಲೇ ಕೂತು ಮಗುವಿನಂತೆ ಅತ್ತ.

ಕಾರನ್ನು ವಾಪಸು ಒಯ್ದ. ಈ ಸಲ ಗಾಲಿಗಷ್ಟೇ ಬೆಲ್ಟು ಹಾಕಿದ, ತಳ್ಳಿ ನೋಡಲಿಲ್ಲ. ಹಗಲಿರುಳೆನ್ನದೆ ಮತ್ತೆ ಕತ್ತರಿಸಿದ, ಮತ್ತೆ ಬೆಸೆದ. ಮಳೆ ಅವನಿಗಾಗಿ ಕಾಯಲಿಲ್ಲ, ಬಂದು ಹೋಯಿತು. ಕಾರಿನ ಮೈ ಸರಿಯಾದ ಮೇಲೆ ಮತ್ತೆ ಟ್ರೇಲರಿಗೆ ಏರಿಸಿ ತೆಗೆದುಕೊಂಡು ಹೋದ. ದಾರಿಯುದ್ದಕ್ಕೂ ಒಳಗೆ ಕಿರ್ ಕಿರ್ ಎನ್ನುತ್ತಿತ್ತು. ಎನ್ನಲಿ ಎಂದು ರಸ್ತೆ ನೋಡಿಕೊಂಡು ಹೋದ. ಕಾರು ಗೀರಿಲ್ಲದೆ ಮುಟ್ಟಿತು. ಡಾಕ್ಟರಮ್ಮ ಬಾಗಿಲು ತೆರೆದು ಒಳಗೆ ಕೂತರು. ಸ್ಟೇರಿಂಗ್ ಹಿಡಿದರು. ಕಣ್ಣು ಹೋಗಿತ್ತು. ಬೀದಿಯಲ್ಲಿ ಯಾರ್ಯಾರು ಹೋಗುತ್ತಿದ್ದಾರೆ ಹೇಳು ಎಂದು ಅವನನ್ನೇ ಕೇಳಿದರು. ಅವನು ಪಕ್ಕದಲ್ಲಿ ಕೂತು, ಕತ್ತಲಾಗುವ ತನಕ ಹೇಳುತ್ತಲೇ ಇದ್ದ.

ಕತೆ ಅಲ್ಲಿಗೆ ನಿಂತಿತು. ಗುರುಗಳು ಮೊರ ಪಕ್ಕಕ್ಕೆ ಸರಿಸಿದರು. ಚನ್ನಮಲ್ಲ ಯಾವಾಗ ಕೂತನೋ ಅವನಿಗೇ ತಿಳಿದಿರಲಿಲ್ಲ. ಕಾಲು ಮಾತ್ರ ಇನ್ನೂ ಅಲ್ಲಾಡಿಸುತ್ತಿದ್ದ.

"ಒಂದು ಅನುಮಾನ, ಗುರುಗಳೇ" ಎಂದ. "ಅವನು ಕಸುಬು ಬಲ್ಲವನು. ಅಷ್ಟು ಹೊತ್ತು ಇದ್ದ ಸದ್ದು ಒಮ್ಮೆಲೇ ನಿಂತುಹೋದಾಗ ಅವನಿಗೆ ಗಾಬರಿಯಾಗಬೇಕಿತ್ತಲ್ಲವೇ? ಅದನ್ನು ಶಾಂತಿ ಎಂದು ಹೇಗೆ ತಿಳಿದುಕೊಂಡ?"

ಗುರುಗಳು ಈಗ ತಮಾಷೆ ಮಾಡಲಿಲ್ಲ.

"ಹೊಟ್ಟೆಯಲ್ಲಿ ಮಗು ಒದೆಯುವುದು ನಿಂತರೆ ಯಾವ ತಾಯಿ ಅದನ್ನು ಶಾಂತಿ ಎನ್ನುತ್ತಾಳೆ, ಚನ್ನಮಲ್ಲ?"

ಒಳಗೆ ಸದ್ದಿಲ್ಲ, ಅದೇ ನೆಮ್ಮದಿ ಎಂದು ತಾನೇ ಹೇಳಿದ್ದು ಚನ್ನಮಲ್ಲನಿಗೆ ನೆನಪಾಯಿತು.