ಕೆಂಪು ಕೆಸರಿನ ಕಾಲು

ಒಂದು ಒಗಟು. ನ್ಯಾಯದಲ್ಲಿ ಗೆದ್ದದ್ದು ಅವಳೇ, ಗಡಿ ದಾಟಿಸಿಕೊಂಡದ್ದೂ ಅವಳೇ. ಹೇಗೆ? ತಲೆ ಕೆರೆದುಕೊಳ್ಳಬೇಡಿ, ನಿಮಗೆ ಹೊಳೆಯುವುದಿಲ್ಲ. ಮೊದಲು ಕತೆ ಕೇಳಿ.

ಕಾಡಿನ ನಡುವೆ ನೈದಿಲೆ ಕೆರೆ ಅಂತ ಒಂದು ಕೆರೆ ಇತ್ತು. ಒಂದು ದಿನ ಅಲ್ಲಿಗೆ ಒಬ್ಬ ನೀರುಕೋಳಿ ಬಂದಳು. ಅವಳು ಹುಟ್ಟಿ ಬೆಳೆದ ಜೊಂಡು ಬೆಂಕಿಗೆ ಹೋಗಿತ್ತು. ಅವಳ ಹಿಂದೆ ಒಂದೇ ಒಂದು ಮರಿ, ಅದೂ ಕುಂಟು.

ಆ ಕಾಡಿನ ಕೆರೆಗಳಿಗೆಲ್ಲ ಒಂದು ಕಟ್ಟಳೆ. ನೆಲೆ ಹುಡುಕಿ ಬಂದ ಹಕ್ಕಿ ಮೊದಲು ಯಾವ ಕೆರೆಯ ಕೆಸರು ತುಳಿಯಿತೋ, ಅದೇ ಕೆರೆ ಅದಕ್ಕೆ ಜಾಗ ಕೊಡಬೇಕು. ಉಳಿದ ಕೆರೆಗಳಿಗೆ ತಲೆನೋವಿಲ್ಲ.

ಮರದ ಮೇಲೆ ಕಾಜಾಣನಿದ್ದ. ಯಾರನ್ನಾದರೂ ಛೇಡಿಸದೆ ಇದ್ದರೆ ಅವನಿಗೆ ತಿಂದ ಹುಳ ಅರಗುತ್ತಿರಲಿಲ್ಲ.

"ಏನಕ್ಕಾ, ಕಾಲಿಗೆ ಮದರಂಗಿ ಹಚ್ಚಿಕೊಂಡು ಬಂದಿದ್ದೀಯ? ಯಾರ ಮದುವೆ?"

ಕಪ್ಪೆಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಕಾವಲು ಬಾತು ಮಾತ್ರ ನಗಲಿಲ್ಲ. ಕತ್ತು ಚಾಚಿ ಅವಳ ಕಾಲು ನೋಡಿತು.

"ಇದು ಕೆಂಪುಕೆರೆಯ ಕೆಸರು. ನಡಿ ತಾಯಿ, ನಿನ್ನ ಜಾಗ ಅಲ್ಲಿ."

"ಅಲ್ಲಿಂದಲೇ ಬಂದೆ ಅಣ್ಣ," ಅಂದಳು ನೀರುಕೋಳಿ. "ಹೊರಗಿನವರನ್ನು ಅವರು ಉಡದ ಬಿಲದ ಪಕ್ಕ ಕೂರಿಸುತ್ತಾರೆ. ನನಗೆ ಮೂರು ಮರಿ ಇದ್ದವು. ಈಗ ಇದೊಂದು."

ಕಾಜಾಣ ಕೆಳಗಿನ ಕೊಂಬೆಗೆ ಇಳಿದು ಕೂತ.

ನೀರುಕೋಳಿ ಆಮೆಯಜ್ಜನ ಹತ್ತಿರ ನ್ಯಾಯ ಕೇಳಿದಳು. ಅಜ್ಜ ಕಣ್ಣು ಮುಚ್ಚಿ ಎಲ್ಲ ಕೇಳಿಸಿಕೊಂಡ.

"ಕಟ್ಟಳೆ ದೊಡ್ಡದು. ಮರಿಯ ಜೀವ ಅದಕ್ಕಿಂತ ದೊಡ್ಡದು. ಆದರೆ ನಿನ್ನೊಬ್ಬಳ ಮಾತು ಸಾಲದಮ್ಮ. ಆ ಬಿಲ ಕಂಡ ಸಾಕ್ಷಿ ಬೇಕು."

"ನಾನು ಕಂಡಿದ್ದೇನೆ ಅಜ್ಜ," ಅಂದ ಕಾಜಾಣ.

"ಸಾಕ್ಷಿ ಕೇಳುವುದು ಬೆಳಗಿನ ಹೊತ್ತು ಮಾತ್ರ. ಹಾಗಾದರೆ ನಾಳೆ ಬಿಸಿಲು ಈ ಬಂಡೆಗೆ ಬೀಳುವ ಮೊದಲು ಬಂದು ಹೇಳು. ಬಿದ್ದ ಮೇಲೆ ಬಾತುಗಳು ಕಾಯುವುದಿಲ್ಲ, ಇವಳನ್ನು ಕೆಂಪುಕೆರೆಗೆ ಅಟ್ಟಿಬಿಡುತ್ತವೆ."

ಮರುದಿನ ಕಾಜಾಣ ಬೇಗನೇ ಹೊರಟ. ದಾರಿಯಲ್ಲಿ ಅಳಿಲು ಹಣ್ಣು ತಿನ್ನುತ್ತಿತ್ತು. ಇವನು ಗಿಡುಗನ ದನಿ ತೆಗೆದ. ಅಳಿಲು ಹಣ್ಣು ಬಿಟ್ಟು ಓಟ ಕಿತ್ತಿತು. ಇನ್ನೊಂದೇ ಸಲ, ಅಂದುಕೊಂಡ. ಆಮೇಲೆ ಇನ್ನೂ ಒಂದೇ ಸಲ.

ಅವನು ಬಂದಾಗ ಬಂಡೆ ಕಾದಿತ್ತು. ಉಸಿರು ಬಿಡದೆ ಕಂಡದ್ದೆಲ್ಲ ಹೇಳಿದ.

ಆಮೆಯಜ್ಜ ತಲೆದೂಗಿದ. "ನೀರುಕೋಳಿಯ ಮಾತು ನಿಜ. ಅವಳನ್ನು ಕಳಿಸಕೂಡದಾಗಿತ್ತು. ಇದೇ ತೀರ್ಪು."

"ಅವಳೆಲ್ಲಿ ಅಜ್ಜ?"

"ಬಾತುಗಳು ಆಗಲೇ ಗಡಿಯ ದಿಬ್ಬ ದಾಟಿಸಿದವಪ್ಪ. ಅದರಾಚೆ ನನ್ನ ಮಾತು ನಡೆಯುವುದಿಲ್ಲ."

ದಡದ ಹಸಿ ಮಣ್ಣಿನಲ್ಲಿ ಹೆಜ್ಜೆಗಳಿದ್ದವು. ದೊಡ್ಡ ಹೆಜ್ಜೆಯ ಪಕ್ಕ ಒಂದು ಪುಟ್ಟ ಕುಂಟು ಹೆಜ್ಜೆ.

"ಏನಾದರೂ ತಮಾಷೆ ಹೇಳೋ," ಅಂದಿತು ಒಂದು ಕಪ್ಪೆ. ಕಾಜಾಣ ಹೇಳಲಿಲ್ಲ. ಕೆಂಪುಕೆರೆಯ ಕಡೆ ಹಾರಿದ.

ಅಲ್ಲಿ ಗಿಡುಗನ ದನಿ ತೆಗೆದು ಉಡವನ್ನು ಹೆದರಿಸಿ ಓಡಿಸಿದ. ತಾಯಿ ಮರಿ ಇಬ್ಬರನ್ನೂ ಕರೆದುಕೊಂಡು ಬಂದ.

ಈ ಕೊನೆ ಮಾತ್ರ ನಾನು ಕಟ್ಟಿದ್ದು. ಉಡ ಗಿಡುಗನಿಗೆ ಹೆದರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಕಾಜಾಣ ಹಾರಿದ್ದನ್ನು ಕಪ್ಪೆಗಳೆಲ್ಲ ನೋಡಿವೆ. ತಿರುಗಿ ಬಂದದ್ದನ್ನು ಯಾರೂ ನೋಡಿಲ್ಲ.

ನೀತಿ: ಹೊತ್ತು ಮೀರಿ ಹೇಳಿದ ಸತ್ಯ ನ್ಯಾಯ ಗೆಲ್ಲಿಸೀತು, ಜೀವ ಉಳಿಸದು.