ನೀರಿನಡಿಯ ಡಂಗುರಕಟ್ಟೆ

ಕಡಲ ದಂಡೆಯ ಒಂದು ಪೇಟೆಯಲ್ಲಿ ದುಗ್ಗಣ್ಣನೆಂಬ ಡಂಗುರದವನಿದ್ದ. ಊರಿಗೆ ಯಾವ ಸುದ್ದಿಯಾದರೂ ಅವನ ಬಾಯಿಂದಲೇ ಬರಬೇಕು. ಪ್ರತಿ ಸುದ್ದಿಗೂ ಹೌದೆನ್ನುವವರೊಬ್ಬರನ್ನು, ಅಲ್ಲವೆನ್ನುವವರೊಬ್ಬರನ್ನು ಸಂತೆಯ ಕಟ್ಟೆ ಹತ್ತಿಸಿ, ಇಬ್ಬರಿಗೂ ಸಮನಾಗಿ ಮಾತು ಕೊಡುವುದು ಅವನ ಪದ್ಧತಿ. "ನಾನು ಯಾರ ಕಡೆಯೂ ಅಲ್ಲಪ್ಪ" ಎಂದು ಮೀಸೆ ತಿರುವುತ್ತಿದ್ದ. ಜಗಳ ನೋಡಲು ಜನ ಕಿಕ್ಕಿರಿಯುತ್ತಿದ್ದರು. ಅದೂ ಅವನಿಗೆ ಇಷ್ಟವೇ ಅನ್ನಿ.

ಒಂದು ಸಂತೆಯ ದಿನ ವಾಗ್ದೇವಿ ಕಟ್ಟೆ ಹತ್ತಿದಳು. ಕಡಲನ್ನು ಅಳೆಯುತ್ತ, ಓದುತ್ತ ತಲೆ ನರೆತ ಪಂಡಿತೆ ಅವಳು. "ಕಡಲು ಮೇಲೇರುತ್ತಿದೆ. ಮರಳದಿಬ್ಬದ ಕೇರಿಯವರು ಮಳೆಗಾಲಕ್ಕೆ ಮೊದಲು ಗುಡ್ಡ ಸೇರಬೇಕು. ಏಕೆಂದರೆ..." ಎನ್ನುವಷ್ಟರಲ್ಲಿ ದುಗ್ಗಣ್ಣ ಡಂಗುರ ಬಾರಿಸಿದ. ಎದುರಿನವನ ಸರದಿ ಬಂತು. ಎದುರಿನವನು ಮಂಜಯ್ಯ, ಕಡಲಿಗೆ ಇಳಿದವನೇ ಅಲ್ಲದ ಮಾತಿನಮಲ್ಲ.

"ನಮ್ಮಜ್ಜ ನೋಡಿದ ಕಡಲು ಇದ್ದಲ್ಲೇ ಇದೆ. ಅದಕ್ಕೇನು ಕಾಲು ಬಂದಿದೆಯೇ?" ಎಂದ. ಸಂತೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಸಂಜೆ ದುಗ್ಗಣ್ಣನ ತಂಗಿ ಮುತ್ತು ಬಂದಳು. ಅವಳ ಮನೆ ಮರಳದಿಬ್ಬದಲ್ಲೇ.

"ಅಣ್ಣಾ, ನಾವು ಮನೆ ಬಿಟ್ಟು ಏಳೋದಾ, ಇರೋದಾ?"

"ಇಬ್ಬರ ಮಾತೂ ಕೇಳಿದ್ಯಲ್ಲ, ನೀನೇ ನೋಡ್ಕೋ."

"ಅಲ್ಲಿ ಮಕ್ಕಳನ್ನ ಮಲಗಿಸೋಳು ನಾನು. ನಿಜ ಯಾವುದು ಅಂತ ನಿನ್ನ ಕೇಳ್ತಿದೀನಿ."

ದುಗ್ಗಣ್ಣ ತಬ್ಬಿಬ್ಬಾದ. ನಿಜ ಯಾವುದೆಂದು ಅವನು ಯಾವತ್ತೂ ಹೋಗಿ ನೋಡಿರಲೇ ಇಲ್ಲ. ಮರುದಿನ ವಾಗ್ದೇವಿಯ ಮನೆಗೆ ಹೋದ. ಅವಳು ಬೈಯಲಿಲ್ಲ. ವರ್ಷದ ದೊಡ್ಡ ಇಳಿತದ ದಿನಗಳು ಶುರುವಾದಾಗ ಅವನನ್ನು ದಂಡೆಗೆ ಕರೆದೊಯ್ದಳು.

ಕಡಲು ಹಿಂದೆ ಸರಿಯಿತು, ಸರಿಯುತ್ತಲೇ ಹೋಯಿತು. ದುಗ್ಗಣ್ಣ ಬಾಯಿ ತೆರೆದು ನಿಂತ. ಹಸಿ ಮರಳಿನ ನಡುವೆ ಬಾವಿಕಟ್ಟೆ, ಹೊಸ್ತಿಲು, ಒಂದಿಡೀ ಬೀದಿ ಮೇಲೆದ್ದಿತ್ತು. ಬೀದಿಯ ಕೊನೆಗೆ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಅವನ ಮನೆತನದ ಡಂಗುರದ ಗುರುತು! ನಿಂತು ನಿಂತು ಸವೆದ ಎರಡು ಪಾದದ ಕುಳಿಗಳಲ್ಲಿ ಅವನು ಮೆಲ್ಲಗೆ ಪಾದ ಇಟ್ಟ. ಸರಿಯಾಗಿ ಕೂತವು.

"ನಿಮ್ಮ ಹಿರಿಯರು ಇಲ್ಲಿ ನಿಂತು ಸಾರುತ್ತಿದ್ದರು. ಆಗ ಕಡಲು ಅಗೋ, ಅಲ್ಲಿತ್ತು" ಎಂದು ವಾಗ್ದೇವಿ ಬಹುದೂರಕ್ಕೆ ಕೈ ತೋರಿದಳು. "ಈಗ ಅದರ ನಡಿಗೆ ಇನ್ನೂ ಬಿರುಸಾಗಿದೆ."

ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಬರುತ್ತದೆಯೇ! ನೋಡುತ್ತಿದ್ದಂತೆ ನೀರು ತಿರುಗಿ ಬಂದು ಅವನ ಪಾದ ಮುಚ್ಚಿತು.

"ಇದನ್ನು ಅವತ್ತೇ ಹೇಳಬಾರದಿತ್ತೇ, ತಾಯಿ?"

"ಹೇಳಹೊರಟೆ. ನೀವು ಡಂಗುರ ಬಾರಿಸಿದಿರಿ."

ಮುಂದಿನ ಸಂತೆಯಲ್ಲಿ ದುಗ್ಗಣ್ಣ ವಾಗ್ದೇವಿಯ ಮಾತು ಮುಗಿಯುವವರೆಗೂ ಕೈಕಟ್ಟಿ ನಿಂತ. ಮಂಜಯ್ಯ ರೇಗಿದ. "ನನ್ನ ಸರದಿ ಎಲ್ಲಿ?"

"ದೊಡ್ಡ ಇಳಿತ ಇನ್ನೂ ಒಂದೆರಡು ದಿನ ಇದೆ. ಮೊದಲು ಹೋಗಿ ನೀರಿನಡಿಯ ಆ ಕಟ್ಟೆ ನೋಡಿ ಬಾ ಮಾರಾಯ. ಆಮೇಲೆ ನಿನ್ನ ಸರದಿ."

ಮಂಜಯ್ಯನ ಹಿಂದೆ ಅರ್ಧ ಊರೇ ನೋಡಲು ಹೋಯಿತು. ಹಿಂದಿರುಗಿದ ಮಂಜಯ್ಯ ಸರದಿ ಕೇಳಲಿಲ್ಲ. ಮರಳದಿಬ್ಬದವರು ಗಂಟುಮೂಟೆ ಕಟ್ಟಿ ಗುಡ್ಡ ಹತ್ತಿದರು.

ಮಳೆಗಾಲದ ಒಂದು ಬೆಳಗ್ಗೆ ನೋಡಿದರೆ ದಿಬ್ಬವೇ ಇರಲಿಲ್ಲ. ಮುತ್ತುವಿನ ಮನೆಯಿದ್ದಲ್ಲಿ ತೆರೆಗಳು ಮಗುಚುತ್ತಿದ್ದವು. ದುಗ್ಗಣ್ಣ ಡಂಗುರ ಕೆಳಗಿಟ್ಟು ಕಡಲಿಗೆ ಕೈಮುಗಿದ. ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡ ಮುತ್ತು ಕೈಮುಗಿದದ್ದು ವಾಗ್ದೇವಿಗೆ.

ನೀತಿ: ತಿಳಿದವರ ಮಾತಿಗೂ ಬರೀ ಹರಟೆಗೂ ಸಮಪಾಲು ಕೊಡುವುದು ನ್ಯಾಯವಲ್ಲ. ಸುದ್ದಿ ಸಾರುವವರು ಮೊದಲು ಹೋಗಿ ನೋಡಬೇಕು. ಕೇಳುವವರ ಬದುಕು ಅದರ ಮೇಲೆ ನಿಂತಿರುತ್ತದೆ.